ಆಳು-ತಿಂಗಳೆಂಬ ಅಳತೆ: ಬ್ರೂಕ್ಸ್ ಪುಸ್ತಕದ ಮರು ಓದು

ಹತ್ತು ಆಳುಗಳು ಒಂದು ಹೊಲದ ರಾಗಿಯನ್ನು ಆರು ದಿನಗಳಲ್ಲಿ ಕೊಯ್ದರೆ, ಇಪ್ಪತ್ತು ಆಳುಗಳು ಎಷ್ಟು ದಿನಗಳಲ್ಲಿ ಕೊಯ್ಯುತ್ತಾರೆ? ಪ್ರೌಢಶಾಲೆಯಲ್ಲಿ ವಿಲೋಮಾನುಪಾತದ ಪಾಠ ಕೇಳಿದ ಯಾರೇ ಆದರೂ ಮೂರು ದಿನ ಎಂದು ತಟ್ಟನೆ ಉತ್ತರಿಸುತ್ತಾರೆ. ಉತ್ತರ ಸರಿಯೂ ಹೌದು. ಒಬ್ಬ ಆಳು ತನ್ನ ಸಾಲನ್ನು ಕೊಯ್ಯಲು ಪಕ್ಕದ ಸಾಲಿನವನನ್ನು ಏನೂ ಕೇಳಬೇಕಾಗಿಲ್ಲ. ಮುಯ್ಯಾಳುಗಳನ್ನು ಕರೆದು ಒಂದೇ ದಿನದಲ್ಲಿ ಕೊಯ್ಲು ಮುಗಿಸುವ ನಮ್ಮ ರೈತರಿಗೆ ಈ ಲೆಕ್ಕ ಪುಸ್ತಕವಿಲ್ಲದೆಯೇ ಗೊತ್ತು. ಉದ್ಯೋಗ ಖಾತರಿ ಕಾಮಗಾರಿಗಳ ಲೆಕ್ಕದಲ್ಲಿ ನಾವು ಕೇಳಿರುವ 'ಮಾನವದಿನ' ಎಂಬ ಪದದ ಹಿಂದೆಯೂ ಇದೇ ನಂಬಿಕೆ ಇದೆ. ಇದೇ ಲೆಕ್ಕವನ್ನು ತಂತ್ರಾಂಶ ನಿರ್ಮಾಣಕ್ಕೆ ಅನ್ವಯಿಸಿದರೆ ಏನಾಗುತ್ತದೆ?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ ಪುಸ್ತಕ ಫ್ರೆಡರಿಕ್ ಬ್ರೂಕ್ಸ್ ಅವರ 'ದಿ ಮಿಥಿಕಲ್ ಮ್ಯಾನ್-ಮಂತ್'. ಹದಿನೈದು ಅಧ್ಯಾಯಗಳ ಪುಸ್ತಕವಾಗಿ 1975ರಲ್ಲಿ ಪ್ರಕಟವಾದ ಇದು, ನಾಲ್ಕು ಹೊಸ ಅಧ್ಯಾಯಗಳೊಂದಿಗೆ 1995ರಲ್ಲಿ ಮತ್ತೆ ಹೊರಬಂತು. ಅರ್ಧ ಶತಮಾನ ದಾಟಿದರೂ ತಂತ್ರಾಂಶ ಎಂಜಿನಿಯರಿಂಗ್ ಪಾಠ ಮಾಡುವ ಅಧ್ಯಾಪಕರು ಇದರ ಹೆಸರು ಹೇಳದೆ ಮುಂದೆ ಹೋಗುವುದು ಅಪರೂಪ. ಹೆಸರು ಹೇಳುವಷ್ಟು ಜನ ಅದನ್ನು ಓದಿದ್ದಾರೆಯೇ ಎಂಬುದು ಬೇರೆ ಮಾತು. ಪುಸ್ತಕದಿಂದ ಎತ್ತಿಕೊಂಡ ಒಂದು 'ನಿಯಮ' ಎರಡು ಅಂಕದ ಪ್ರಶ್ನೆಯಾಗಿ ಉಳಿದುಕೊಂಡಿದೆ. ಅದಕ್ಕಿಂತ ಮುಖ್ಯವಾದ ಒಂದು ತಪ್ಪೊಪ್ಪಿಗೆ ತರಗತಿಯ ಹೊರಗೇ ನಿಂತಿದೆ. ಈ ಲೇಖನದ ಮೊದಲ ದೂರು ಅದು. ಪುಸ್ತಕದ ಮೇಲೂ ಕೆಲವು ದೂರುಗಳಿವೆ.

ಬ್ರೂಕ್ಸ್ (1931-2022) ಅಮೆರಿಕದ ಐಬಿಎಂ ಸಂಸ್ಥೆಯಲ್ಲಿ ಸಿಸ್ಟಮ್/360 ಎಂಬ ಗಣಕಯಂತ್ರ ಸರಣಿಯ ಅಭಿವೃದ್ಧಿಯನ್ನು ನಿರ್ವಹಿಸಿದವರು. ಇಂದು ನಾವು ಸಹಜವೆಂದು ಭಾವಿಸುವ 8 ಬಿಟ್‌ಗಳ ಬೈಟ್ ವ್ಯಾಪಕವಾಗಿ ಬಳಕೆಗೆ ಬಂದದ್ದು ಈ ಸರಣಿಯಿಂದ. 1964ರ ಏಪ್ರಿಲ್ 7ರಂದು ಅದನ್ನು ಘೋಷಿಸಲಾಯಿತು. ಅದರ ಆಪರೇಟಿಂಗ್ ಸಿಸ್ಟಮ್ ಆದ ಓಎಸ್/360ರ ನಿರ್ಮಾಣವನ್ನೂ ಅವರು ಕೆಲ ಕಾಲ ನಡೆಸಿದರು. ನಂತರ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಗಣಕ ವಿಜ್ಞಾನ ವಿಭಾಗವನ್ನು ಕಟ್ಟಿ ಅಧ್ಯಾಪಕರಾದರು. 1999ರ ಟ್ಯೂರಿಂಗ್ ಪ್ರಶಸ್ತಿ ಅವರದು. ಪುಸ್ತಕದ ಪ್ರಕಾರ ಓಎಸ್/360ರ ಮೇಲೆ ಒಂದು ಹಂತದಲ್ಲಿ ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದರು. 1963ರಿಂದ 1966ರವರೆಗೆ ಅದಕ್ಕೆ ಸಂದ ಶ್ರಮ ಸುಮಾರು 5,000 ಆಳು-ವರ್ಷ. ಆದರೂ ಅದು ತಡವಾಯಿತು, ಅಂದಾಜಿಗಿಂತ ಹಲವು ಪಟ್ಟು ವೆಚ್ಚವಾಯಿತು, ಯೋಜಿಸಿದ್ದಕ್ಕಿಂತ ಹೆಚ್ಚು ಮೆಮೊರಿ ಬೇಡಿತು, ಮೊದಲ ಕೆಲವು ಆವೃತ್ತಿಗಳಲ್ಲಿ ಸರಿಯಾಗಿ ಕೆಲಸವನ್ನೂ ಮಾಡಲಿಲ್ಲ. ಗುಣಮಟ್ಟ, ವೆಚ್ಚ, ಅವಧಿ ಈ ಮೂರೂ ಒಟ್ಟಿಗೆ ಕೈತಪ್ಪಿದ ಉದಾಹರಣೆ ಇದು. ಅದನ್ನು ನಡೆಸಿದವರೇ ಕುಳಿತು ಬರೆದ ಪುಸ್ತಕ ಎಂಬುದು ಇದರ ಮೊದಲ ಹೆಚ್ಚುಗಾರಿಕೆ.

ನಮ್ಮ ತರಗತಿಗಳಲ್ಲಿ ಈ ಮೂರನ್ನೂ ಒಂದು ತ್ರಿಕೋನದ ಮೂರು ಬಾಹುಗಳೆಂದು ಕಪ್ಪು ಹಲಗೆಯ ಮೇಲೆ ಬರೆಯುತ್ತೇವೆ. ಮೂರರಲ್ಲಿ ಎರಡನ್ನು ಆರಿಸಿಕೊಳ್ಳಬಹುದು, ಮೂರನೆಯದನ್ನು ಬಿಟ್ಟುಕೊಡಬೇಕು ಎಂದು ವಿವರಿಸುತ್ತೇವೆ. ಬೇಗ ಬೇಕೆ? ಹೆಚ್ಚು ಹಣ ಕೊಡಿ. ಅಗ್ಗವಾಗಿ ಬೇಕೆ? ಗುಣಮಟ್ಟ ಇಳಿಸಿ. ಚಿತ್ರ ಸರಳ, ಪರೀಕ್ಷೆಯಲ್ಲಿ ಬಿಡಿಸುವುದೂ ಸುಲಭ. ಇದರಲ್ಲಿ ಅಡಗಿರುವ ಊಹೆಯನ್ನು ಮಾತ್ರ ನಾವು ಕೇಳುವುದಿಲ್ಲ: ಈ ಮೂರು ಒಂದಕ್ಕೊಂದು ವಿನಿಮಯವಾಗುವ ವಸ್ತುಗಳೇ?

ಹಣ ಕೊಟ್ಟು ಕಾಲವನ್ನು ಕೊಳ್ಳಬಹುದು ಎಂಬ ಊಹೆಯನ್ನು ಬ್ರೂಕ್ಸ್ ತಮ್ಮ ಎರಡನೆಯ ಅಧ್ಯಾಯದಲ್ಲಿ ಒಡೆಯುತ್ತಾರೆ. ಈಗಾಗಲೇ ತಡವಾಗಿರುವ ತಂತ್ರಾಂಶ ಯೋಜನೆಗೆ ಮತ್ತಷ್ಟು ಜನರನ್ನು ಸೇರಿಸಿದರೆ ಅದು ಇನ್ನೂ ತಡವಾಗುತ್ತದೆ ಎಂಬುದು ಅವರ ಹೆಸರಿನಲ್ಲಿ ಪ್ರಸಿದ್ಧವಾದ ನಿಯಮ. ಕಾರಣ ಸರಳ. ತಂತ್ರಾಂಶದ ಭಾಗಗಳು ಹೊಲದ ಸಾಲುಗಳಂತೆ ಬಿಡಿಬಿಡಿಯಾಗಿ ಇರುವುದಿಲ್ಲ. ಒಬ್ಬರು ಬರೆದದ್ದು ಇನ್ನೊಬ್ಬರು ಬರೆದದ್ದರೊಡನೆ ಹೊಂದಬೇಕು. ಅದಕ್ಕಾಗಿ ಮಾತುಕತೆ ಬೇಕು. ಜನರ ಸಂಖ್ಯೆಯನ್ನು ಅದಕ್ಕಿಂತ ಒಂದು ಕಡಿಮೆಯಾದ ಸಂಖ್ಯೆಯಿಂದ ಗುಣಿಸಿ ಎರಡರಿಂದ ಭಾಗಿಸಿದರೆ, ಇಬ್ಬಿಬ್ಬರ ನಡುವಿನ ಮಾತಿನ ದಾರಿಗಳು ಎಷ್ಟೆಂದು ತಿಳಿಯುತ್ತದೆ. ಮೂವರಿದ್ದರೆ 3 ದಾರಿ. ಹತ್ತು ಜನರಿದ್ದರೆ 45. ಐವತ್ತು ಜನರಿದ್ದರೆ 1,225. ಆಳು ಹದಿನೇಳು ಪಟ್ಟು ಹೆಚ್ಚುವಾಗ ಮಾತು ನಾನೂರು ಪಟ್ಟು ಹೆಚ್ಚುತ್ತದೆ. ಎಲ್ಲರೂ ಎಲ್ಲರೊಡನೆಯೂ ಮಾತನಾಡಬೇಕಾದರೆ ಎಂಬ ಷರತ್ತು ಇಲ್ಲಿದೆ. ತಂಡವನ್ನು ಚೆನ್ನಾಗಿ ವಿಭಜಿಸಿದರೆ ಈ ಸಂಖ್ಯೆ ಬಹಳ ಇಳಿಯುತ್ತದೆ. ಪಾಠದಲ್ಲಿ ಈ ಷರತ್ತನ್ನು ಹೇಳುವುದು ಕಡಿಮೆ.

ನಿಯಮವನ್ನು ತೋರಿಸಲು ಬ್ರೂಕ್ಸ್ ಒಂದು ಲೆಕ್ಕ ಕೊಡುತ್ತಾರೆ. ವಿದ್ಯಾರ್ಥಿಗಳು ಕಾಗದ ಪೆನ್ಸಿಲ್ ಹಿಡಿದು ಅದನ್ನು ಮಾಡಿ ನೋಡಬೇಕು. 12 ಆಳು-ತಿಂಗಳ ಕೆಲಸವೆಂದು ಅಂದಾಜಾಗಿದೆ. ಮೂವರು ನಾಲ್ಕು ತಿಂಗಳಲ್ಲಿ ಮುಗಿಸಬೇಕು. ತಿಂಗಳಿಗೊಂದು ಮೈಲಿಗಲ್ಲು. ಆದರೆ ಮೊದಲ ಮೈಲಿಗಲ್ಲು ತಲುಪಲು ಎರಡು ತಿಂಗಳು ಹಿಡಿಯಿತು. ಮೊದಲ ಭಾಗದ ಅಂದಾಜು ಮಾತ್ರ ತಪ್ಪಿತ್ತು ಎಂದುಕೊಂಡರೆ ಉಳಿದದ್ದು 9 ಆಳು-ತಿಂಗಳು, ಕೈಯಲ್ಲಿರುವುದು ಎರಡು ತಿಂಗಳು. ಹಾಗಾದರೆ ನಾಲ್ಕೂವರೆ ಜನ ಬೇಕು. ಇಬ್ಬರನ್ನು ಸೇರಿಸೋಣ ಎಂದು ವ್ಯವಸ್ಥಾಪಕ ತೀರ್ಮಾನಿಸುತ್ತಾನೆ. ಹೊಸಬರಿಗೆ ಕೆಲಸ ಕಲಿಸಲು ಹಳಬನೊಬ್ಬ ಒಂದು ತಿಂಗಳು ಕೂರಬೇಕು. ಆ ತಿಂಗಳು ಐವರಲ್ಲಿ ಮೂವರ ದುಡಿಮೆ ಕಲಿಯುವುದಕ್ಕೂ ಕಲಿಸುವುದಕ್ಕೂ ಹೋಯಿತು. ಮೂರನೆಯ ತಿಂಗಳ ಕೊನೆಗೆ ಇನ್ನೂ 7 ಆಳು-ತಿಂಗಳ ಕೆಲಸ ಬಾಕಿ; ಇರುವುದು ಐದು ಜನ, ಒಂದು ತಿಂಗಳು. ಕೆಲಸವನ್ನು ಐದು ಪಾಲಾಗಿ ಮತ್ತೆ ಹಂಚುವಾಗ ಹಿಂದೆ ಮಾಡಿದ್ದರಲ್ಲಿ ಸ್ವಲ್ಪ ವ್ಯರ್ಥವಾಗುತ್ತದೆ, ಒಟ್ಟು ಪರೀಕ್ಷೆಯೂ ಉದ್ದವಾಗುತ್ತದೆ. ಕೊನೆಗೆ, ಯಾರನ್ನೂ ಸೇರಿಸದಿದ್ದರೆ ಎಷ್ಟು ತಡವಾಗುತ್ತಿತ್ತೋ ಅಷ್ಟೇ ತಡವಾಯಿತು ಎನ್ನುತ್ತಾರೆ ಬ್ರೂಕ್ಸ್.

ಈಗ ಲೆಕ್ಕವನ್ನು ಪೂರ್ತಿ ಮಾಡೋಣ. ಯಾರನ್ನೂ ಸೇರಿಸದೆ ಮೂವರೇ ಮುಂದುವರಿದರೆ ಉಳಿದ 9 ಆಳು-ತಿಂಗಳಿಗೆ ಇನ್ನೂ ಮೂರು ತಿಂಗಳು ಬೇಕು. ಒಟ್ಟು ಐದು ತಿಂಗಳು, 15 ಆಳು-ತಿಂಗಳ ವೆಚ್ಚ. ಇಬ್ಬರನ್ನು ಸೇರಿಸಿದರೆ, 7 ಆಳು-ತಿಂಗಳನ್ನು ಐವರು 1.4 ತಿಂಗಳಲ್ಲಿ ಮುಗಿಸುತ್ತಾರೆ, ಒಟ್ಟು 4.4 ತಿಂಗಳು, 18 ಆಳು-ತಿಂಗಳ ವೆಚ್ಚ. ಅಂದರೆ ಪುಸ್ತಕದ ಅಂಕಿಗಳನ್ನಷ್ಟೇ ನಂಬಿದರೆ ಜನರನ್ನು ಸೇರಿಸಿದ್ದರಿಂದ ಕೆಲಸ 18 ದಿನ ಮೊದಲೇ ಮುಗಿದಿದೆ. ವೆಚ್ಚ ಮಾತ್ರ ಐದನೇ ಒಂದು ಪಾಲು ಏರಿದೆ. ಉಳಿದ ಅಂತರವನ್ನು ತುಂಬುವುದು ಮರುಹಂಚಿಕೆಯ ನಷ್ಟ ಮತ್ತು ಪರೀಕ್ಷೆಯ ವಿಸ್ತರಣೆ. ಆದರೆ ಇವೆರಡಕ್ಕೂ ಪುಸ್ತಕದಲ್ಲಿ ಅಂಕಿ ಇಲ್ಲ. ನಿಯಮ ನಿಂತಿರುವುದು ಅಂಕಿ ಇಲ್ಲದ ಈ ಜಾಗದ ಮೇಲೆಯೇ! ತಮ್ಮ ಹೇಳಿಕೆ ಅತಿ ಸರಳೀಕೃತವೆಂದು ಬ್ರೂಕ್ಸ್ ಅವರೇ ಒಪ್ಪಿದ್ದರು. ಅಬ್ದೆಲ್-ಹಮೀದ್ ಮತ್ತು ಮ್ಯಾಡ್ನಿಕ್ ಎಂಬ ಸಂಶೋಧಕರು ಗಣಕ ಮಾದರಿಯ ಮೂಲಕ ಇದನ್ನು ಪರೀಕ್ಷಿಸಿ 1991ರ ತಮ್ಮ ಪುಸ್ತಕದಲ್ಲಿ ತಲುಪಿದ ತೀರ್ಮಾನವೂ ಇದೇ ದಿಕ್ಕಿನದು: ತಡವಾದ ಯೋಜನೆಗೆ ಜನರನ್ನು ಸೇರಿಸಿದರೆ ವೆಚ್ಚ ಯಾವಾಗಲೂ ಏರುತ್ತದೆ, ಆದರೆ ಯಾವಾಗಲೂ ಮತ್ತಷ್ಟು ತಡವಾಗುವುದಿಲ್ಲ. 1995ರ ಆವೃತ್ತಿಯಲ್ಲಿ ಬ್ರೂಕ್ಸ್ ಈ ಅಧ್ಯಯನವನ್ನು ಪ್ರಾಮಾಣಿಕವಾಗಿ ಪ್ರಸ್ತಾಪಿಸಿದ್ದಾರೆ. ನಮ್ಮ ಟಿಪ್ಪಣಿ ಪುಸ್ತಕಗಳು ಮಾತ್ರ 1975ರಲ್ಲೇ ನಿಂತಿವೆ.

ಇನ್ನು ತಪ್ಪೊಪ್ಪಿಗೆಯ ವಿಷಯ. ನಾಲ್ಕನೆಯ ಅಧ್ಯಾಯದಲ್ಲಿರುವ ಈ ಒಂದು ಪ್ರಸಂಗಕ್ಕಾಗಿಯೇ ಪುಸ್ತಕವನ್ನು ಕೊಳ್ಳಬಹುದು.

ಓಎಸ್/360ರ ಆರಂಭದಲ್ಲಿ ಇಡೀ ವ್ಯವಸ್ಥೆ ಹೊರಗಿನಿಂದ ಹೇಗೆ ಕಾಣಬೇಕು, ಏನೇನು ಮಾಡಬೇಕು ಎಂಬ ವಿವರಣಾ ದಾಖಲೆಯನ್ನು ಬರೆಯಬೇಕಿತ್ತು. ವಿನ್ಯಾಸ ತಂಡದಲ್ಲಿ ಹತ್ತು ಜನ ಸಮರ್ಥರಿದ್ದರು. ನಾವು ಬರೆಯುತ್ತೇವೆ, ಸರಿಯಾಗಿ ಬರೆಯುತ್ತೇವೆ, ಆದರೆ ಹತ್ತು ತಿಂಗಳು ಬೇಕು ಎಂದರು ಆ ತಂಡದ ಮುಖ್ಯಸ್ಥರು. ಅದು ವೇಳಾಪಟ್ಟಿಗಿಂತ ಮೂರು ತಿಂಗಳು ಹೆಚ್ಚು. ನಿರ್ಮಾಣ ತಂಡದಲ್ಲಿ 150 ಜನರಿದ್ದರು. ಅದರ ಮುಖ್ಯಸ್ಥರದು ಬೇರೆ ವಾದ: ನಮಗೆ ಕೊಡಿ, ನಿಗದಿತ ಸಮಯದಲ್ಲೇ ಮುಗಿಸುತ್ತೇವೆ; ಅವರಿಗೆ ಕೊಟ್ಟರೆ ನನ್ನ 150 ಜನ ಹತ್ತು ತಿಂಗಳು ಕೈಕಟ್ಟಿ ಕೂರಬೇಕಾಗುತ್ತದೆ. ವಿನ್ಯಾಸ ತಂಡದ ಮುಖ್ಯಸ್ಥರು ಎಚ್ಚರಿಸಿದರು: ಅವರಿಗೆ ಕೊಟ್ಟರೂ ಮೂರು ತಿಂಗಳು ತಡವಾಗುವುದು ತಪ್ಪದು, ಗುಣಮಟ್ಟವೂ ಕೆಡುತ್ತದೆ. ಬ್ರೂಕ್ಸ್ ನಿರ್ಮಾಣ ತಂಡಕ್ಕೇ ಕೊಟ್ಟರು. ಆಗ ಯಾರೇ ಆದರೂ ಹಾಗೆಯೇ ಮಾಡುತ್ತಿದ್ದರು. 150 ಜನರನ್ನು ಸಂಬಳ ಕೊಟ್ಟು ಕೂರಿಸುವ ಧೈರ್ಯ ಯಾವ ವ್ಯವಸ್ಥಾಪಕನಿಗಿದೆ?

ಎಚ್ಚರಿಕೆಯ ಎರಡೂ ಮಾತುಗಳು ನಿಜವಾದವು. ದಾಖಲೆ ತಡವಾಯಿತು, ಕೆಟ್ಟದಾಗಿಯೂ ಇತ್ತು. ಹಲವು ಕೈಗಳು ಬರೆದದ್ದರಿಂದ ಪರಿಕಲ್ಪನೆಯ ಏಕತೆ ಉಳಿಯಲಿಲ್ಲ. ಆ ಕಾರಣದಿಂದ ವ್ಯವಸ್ಥೆಯನ್ನು ಕಟ್ಟುವುದೂ ಬದಲಾಯಿಸುವುದೂ ದುಬಾರಿಯಾಯಿತು. ದೋಷ ಹುಡುಕುವ ಕೆಲಸವೊಂದಕ್ಕೇ ಒಂದು ವರ್ಷ ಹೆಚ್ಚಾಗಿ ಹಿಡಿಯಿತೆಂದು ಬ್ರೂಕ್ಸ್ ಅಂದಾಜು ಮಾಡುತ್ತಾರೆ.

ಇಲ್ಲಿ ತ್ರಿಕೋನದ ಚಿತ್ರ ಏನಾಯಿತು, ಗಮನಿಸಿ. ಬ್ರೂಕ್ಸ್ ಅವಧಿಯನ್ನೂ ವೆಚ್ಚವನ್ನೂ ಆರಿಸಿಕೊಂಡು ಗುಣಮಟ್ಟವನ್ನು ಸ್ವಲ್ಪ ಬಿಟ್ಟುಕೊಟ್ಟರು. ಚಿತ್ರದ ಪ್ರಕಾರ ಎರಡಾದರೂ ಸಿಗಬೇಕಿತ್ತು. ಒಂದೂ ಸಿಗಲಿಲ್ಲ. ಬಿಟ್ಟುಕೊಟ್ಟ ಗುಣಮಟ್ಟ ಸುಮ್ಮನೆ ಹೋಗಲಿಲ್ಲ. ಒಂದು ವರ್ಷದ ದೋಷಶೋಧನೆಯಾಗಿ ಬಡ್ಡಿ ಸಮೇತ ಹಿಂದಿರುಗಿ ಬಂದು ಉಳಿದೆರಡನ್ನೂ ತಿಂದಿತು. ತ್ರಿಕೋನವನ್ನು ಕಲಿಸುವವರು ಈ ಪ್ರಸಂಗವನ್ನು ಬಿಟ್ಟು ಕಲಿಸುವುದು, ಘರ್ಷಣೆಯನ್ನು ಬಿಟ್ಟು ಚಲನೆಯನ್ನು ಕಲಿಸಿದಂತೆ.

ಇದು ಒಂದು ಯೋಜನೆಯ ಅನುಭವ ಮಾತ್ರವಲ್ಲವೇ ಎಂದು ಕೇಳಬಹುದು. ಕೇಳಲೇಬೇಕು. ಬ್ರೂಕ್ಸ್ ಪುಸ್ತಕದ ದೊಡ್ಡ ದೌರ್ಬಲ್ಯವೆಂದರೆ ಪುರಾವೆಯ ಬಡತನ. ಪ್ರೋಗ್ರಾಮರ್‌ಗಳ ಉತ್ಪಾದಕತೆಯಲ್ಲಿ ಹತ್ತು ಪಟ್ಟು ವ್ಯತ್ಯಾಸವಿದೆ ಎಂದು ಹೇಳಲು ಅವರು ಆಧರಿಸುವ 1968ರ ಪ್ರಯೋಗದಲ್ಲಿ ಪಾಲ್ಗೊಂಡ ಅನುಭವಿಗಳು ಕೇವಲ 12 ಮಂದಿ. ಅಂಕಿಗಳ ಬೆಂಬಲ ಬೇಕೆಂದರೆ ಬ್ಯಾರಿ ಬೋಮ್ (1935-2022) ಅವರ ಬಳಿಗೆ ಹೋಗಬೇಕು. 63 ಯೋಜನೆಗಳ ದತ್ತಾಂಶದಿಂದ ಬೋಮ್ ರೂಪಿಸಿದ ಕೊಕೊಮೊ ಮಾದರಿ 1981ರಲ್ಲಿ ಪ್ರಕಟವಾಯಿತು. ಅದರ ಸರಳ ರೂಪದಲ್ಲಿ, ಪರಿಚಿತ ಬಗೆಯ 32 ಸಾವಿರ ಸಾಲಿನ ತಂತ್ರಾಂಶಕ್ಕೆ ಬೇಕಾದ ಶ್ರಮ ತಿಳಿಯಲು 32ನ್ನು 1.05ರ ಘಾತಕ್ಕೆ ಏರಿಸಿ 2.4ರಿಂದ ಗುಣಿಸಬೇಕು, ಸುಮಾರು 91 ಆಳು-ತಿಂಗಳು ಬರುತ್ತದೆ. 91ನ್ನು 0.38ರ ಘಾತಕ್ಕೆ ಏರಿಸಿ 2.5ರಿಂದ ಗುಣಿಸಿದರೆ ಅವಧಿ: ಸುಮಾರು 14 ತಿಂಗಳು. ಅಷ್ಟೇ ಸಾಲುಗಳ ತಂತ್ರಾಂಶ ಯಂತ್ರವೊಂದರೊಳಗೆ ಕೂತು ಬಿಗಿ ನಿರ್ಬಂಧಗಳಡಿ ನಡೆಯಬೇಕಾದರೆ ಘಾತ 1.20, ಗುಣಾಂಕ 3.6. 32 ಎಂದರೆ 2ರ ಐದನೇ ಘಾತವಾದ್ದರಿಂದ ಇಲ್ಲಿ ಕ್ಯಾಲ್ಕುಲೇಟರ್ ಬೇಡ: 64ನ್ನು 3.6ರಿಂದ ಗುಣಿಸಿದರೆ 230 ಆಳು-ತಿಂಗಳು. ಅವಧಿ ಮಾತ್ರ ಹೆಚ್ಚುಕಡಿಮೆ ಅದೇ 14 ತಿಂಗಳು. ಘಾತ ಒಂದಕ್ಕಿಂತ ಹೆಚ್ಚಿರುವುದೇ ಇಲ್ಲಿನ ಗುಟ್ಟು. ಗಾತ್ರ ಇಮ್ಮಡಿಯಾದರೆ ಶ್ರಮ ಇಮ್ಮಡಿಗಿಂತ ಹೆಚ್ಚಾಗುತ್ತದೆ ಎಂಬ ಬ್ರೂಕ್ಸ್ ಅನುಭವಕ್ಕೆ ಇದು ಗಣಿತದ ರೂಪ. ಎಷ್ಟೇ ಹಣ ಸುರಿದರೂ ಸಹಜ ಅವಧಿಯ ನಾಲ್ಕನೇ ಮೂರು ಭಾಗಕ್ಕಿಂತ ಕೆಳಗೆ ಇಳಿಸಲಾಗದು ಎಂದೂ ಬೋಮ್ ಹೇಳಿದರು; ನಮ್ಮ 14 ತಿಂಗಳ ಉದಾಹರಣೆಯಲ್ಲಿ ಆ ಗೆರೆ ಹತ್ತೂವರೆ ತಿಂಗಳು.

ಗುಣಮಟ್ಟದ ಬಗ್ಗೆ ಬೋಮ್ ಕೊಡುವ ಅಂಕಿ ಇನ್ನೂ ಸ್ವಾರಸ್ಯಕರ. ಅವರ ಮಾದರಿಯಲ್ಲಿ ವಿಶ್ವಾಸಾರ್ಹತೆ ಅತಿ ಕಡಿಮೆಯಿದ್ದರೆ ಸಾಕು ಎಂದುಕೊಂಡ ತಂತ್ರಾಂಶಕ್ಕೆ ನಿರ್ಮಾಣ ಶ್ರಮದ ಗುಣಾಂಕ 0.75, ಕಾಲುಭಾಗ ಉಳಿತಾಯ. ಅದೇ ತಂತ್ರಾಂಶದ ನಿರ್ವಹಣೆಯ ಗುಣಾಂಕ 1.35. ನಿರ್ಮಿಸುವಾಗ 100 ರೂಪಾಯಿಯ ಕೆಲಸವನ್ನು 75ಕ್ಕೆ ಮುಗಿಸಿದವರು, ಬಳಕೆಯ ವರ್ಷಗಳಲ್ಲಿ ಪ್ರತಿ 100 ರೂಪಾಯಿಯ ಜಾಗದಲ್ಲಿ 135 ಕೊಡುತ್ತಾರೆ. ನಿರ್ಮಿಸುವವರು ಒಬ್ಬರು, ನಿರ್ವಹಿಸುವವರು ಇನ್ನೊಬ್ಬರಾದಾಗ ಈ ಲೆಕ್ಕ ಯಾರ ಕಣ್ಣಿಗೂ ಬೀಳುವುದಿಲ್ಲ. ಈ ಗುಣಾಂಕಗಳು ಇಂದಿನ ಯೋಜನೆಗಳಿಗೆ ಹಾಗೆಯೇ ಹೊಂದುತ್ತವೆ ಎಂದಲ್ಲ. ಬೋಮ್ ಅವರೇ 2000ದಲ್ಲಿ ಮಾದರಿಯನ್ನು ಹೊಸದಾಗಿ ಪ್ರಕಟಿಸಿದರು. ಆದರೆ ಗುಣಮಟ್ಟಕ್ಕೆ ಒಂದು ಅಂಕಿ ಹಚ್ಚುವ ಪ್ರಯತ್ನವನ್ನಾದರೂ ಅವರು ಮಾಡಿದರು. ಬ್ರೂಕ್ಸ್ ಆಳುಗಳನ್ನು ಎಣಿಸುತ್ತಾರೆ, ತಿಂಗಳುಗಳನ್ನು ಎಣಿಸುತ್ತಾರೆ, ಗುಣಮಟ್ಟದ ಬಳಿ ಬಂದಾಗ ಉಪಮೆಗಳ ಮೊರೆ ಹೋಗುತ್ತಾರೆ.

ಉಪಮೆಗಳಲ್ಲಿ ಅಪಾಯವಿದೆ ಎಂಬುದಕ್ಕೆ ಪುಸ್ತಕದಲ್ಲೇ ಒಂದು ಸಾಕ್ಷಿ ಸಿಗುತ್ತದೆ. ವಿನ್ಯಾಸಕಾರನೊಬ್ಬ ತನ್ನ ಎರಡನೆಯ ವ್ಯವಸ್ಥೆಯಲ್ಲಿ ಬೇಡದ ಅಲಂಕಾರಗಳನ್ನೆಲ್ಲ ತುಂಬುತ್ತಾನೆ ಎಂಬುದು ಐದನೆಯ ಅಧ್ಯಾಯದ ವಾದ. ಅದಕ್ಕೆ ಉದಾಹರಣೆಯಾಗಿ, ಅಧಿಕ ವರ್ಷದ ಡಿಸೆಂಬರ್ 31, ಅಂದರೆ 366ನೆಯ ದಿನವನ್ನು ಸರಿಯಾಗಿ ದಾಟಿಸಲು ಓಎಸ್/360 ಮೆಮೊರಿಯಲ್ಲಿ 26 ಬೈಟ್‌ಗಳನ್ನು ಶಾಶ್ವತವಾಗಿ ಮೀಸಲಿಟ್ಟಿದ್ದನ್ನು ಬ್ರೂಕ್ಸ್ ಟೀಕಿಸುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಬರುವ ದಿನ. ಯಂತ್ರ ನೋಡಿಕೊಳ್ಳುವ ಆಪರೇಟರ್‌ಗೆ ಅದನ್ನು ಬಿಡಬಹುದಿತ್ತು ಎಂಬುದು ಅವರ ಅಭಿಪ್ರಾಯ. ಮೆಮೊರಿಯನ್ನು ಕಿಲೋಬೈಟ್‌ಗಳಲ್ಲಿ ಎಣಿಸಿ ಬಾಡಿಗೆ ಕೊಡುತ್ತಿದ್ದ ಕಾಲದಲ್ಲಿ ಆ ಮಾತು ನ್ಯಾಯವಾಗಿಯೇ ಕಂಡಿರಬೇಕು. ಈಗ 2008ರ ಡಿಸೆಂಬರ್ 31ಕ್ಕೆ ಬನ್ನಿ. ಅಂದು ಮೈಕ್ರೋಸಾಫ್ಟ್‌ನ ಜೂನ್ ಎಂಬ ಸಂಗೀತ ಸಾಧನದ 30 ಗಿಗಾಬೈಟ್ ಮಾದರಿಗಳು ಸಾಮೂಹಿಕವಾಗಿ ಸ್ತಬ್ಧವಾದವು. ಗಡಿಯಾರದ ಪ್ರೋಗ್ರಾಂನಲ್ಲಿ ದಿನಗಳ ಎಣಿಕೆ 365ಕ್ಕಿಂತ ಹೆಚ್ಚಿದ್ದರೆ ವರ್ಷವನ್ನು ಕಳೆಯುವ ಒಂದು ಆವರ್ತನವಿತ್ತು. ಅಧಿಕ ವರ್ಷವಾದರೆ 366ಕ್ಕಿಂತ ಹೆಚ್ಚಿದ್ದಾಗ ಮಾತ್ರ ಕಳೆಯಬೇಕೆಂದು ಒಳಗೆ ಬರೆದಿದ್ದರು. ಎಣಿಕೆ ಸರಿಯಾಗಿ 366 ಆದಾಗ ಏನು ಮಾಡಬೇಕೆಂದು ಬರೆದಿರಲಿಲ್ಲ. ಪ್ರೋಗ್ರಾಂ ಕೊನೆಯಿಲ್ಲದೆ ಸುತ್ತಿತು. ಜೇಬಿನಲ್ಲಿರುವ ಸಾಧನಕ್ಕೆ ಆಪರೇಟರ್ ಎಲ್ಲಿಂದ ಬರಬೇಕು? ಒಂದು ಕಾಲದ ದುಂದು ಇನ್ನೊಂದು ಕಾಲದ ಕನಿಷ್ಠ ಅಗತ್ಯವಾಗುತ್ತದೆ. ಗುಣಮಟ್ಟದ ಬೆಲೆ ಸ್ಥಿರವೆಂಬಂತೆ ಪುಸ್ತಕ ಮಾತನಾಡುವಲ್ಲೆಲ್ಲ ಓದುಗರು ಎಚ್ಚರವಾಗಿರಬೇಕು.

ಇನ್ನೊಂದು ಕೊರತೆ ಇತಿಹಾಸದ್ದು. ಓಎಸ್/360 ತಡವಾದಾಗ ಐಬಿಎಂ ಕೈಕಟ್ಟಿ ಕೂರಲಿಲ್ಲ. ಚಿಕ್ಕ ಯಂತ್ರಗಳಿಗಾಗಿ ಕಡಿಮೆ ಸೌಲಭ್ಯಗಳ ಡಾಸ್/360 ಎಂಬ ಬೇರೊಂದು ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ಒದಗಿಸಿತು. ತಾತ್ಕಾಲಿಕವೆಂದು ಬಂದದ್ದರ ಸಂತತಿ ದಶಕಗಳ ಕಾಲ ಬಾಳಿತು. ಅವಧಿಯ ಬಿಕ್ಕಟ್ಟನ್ನು ಅಲ್ಲಿ ಬಿಡಿಸಿದ್ದು ಹೆಚ್ಚು ಆಳುಗಳಾಗಲಿ, ಕಳಪೆ ಕೆಲಸವಾಗಲಿ ಅಲ್ಲ. ಏನೇನು ಮಾಡಬೇಕೆಂಬ ಪಟ್ಟಿಯನ್ನೇ ಚಿಕ್ಕದು ಮಾಡಿದ್ದು. ವ್ಯಾಪ್ತಿ ಎಂಬ ಈ ನಾಲ್ಕನೆಯ ರಾಶಿ ತ್ರಿಕೋನದ ಚಿತ್ರದಲ್ಲಿ ಕಾಣುವುದೇ ಇಲ್ಲ. ಮೂರರಲ್ಲಿ ಒಂದನ್ನು ಬಲಿಕೊಡಬೇಕೆಂದು ವಿದ್ಯಾರ್ಥಿ ಒದ್ದಾಡುವುದು ಅದಕ್ಕಾಗಿಯೇ. ಹಾಗೆಯೇ, ಇಷ್ಟೆಲ್ಲ ಎಡವಿದ ಓಎಸ್/360 ಕೊನೆಗೆ ವಿಫಲವಾಯಿತೇ? ಇಲ್ಲ. ಸಿಸ್ಟಮ್/360 ಐಬಿಎಂಗೆ ಭಾರಿ ಗೆಲುವು ತಂದಿತು. ಓಎಸ್/360ರ ವಂಶದ ಜೆಡ್/ಓಎಸ್ ಬ್ಯಾಂಕುಗಳ ದೊಡ್ಡ ಗಣಕಗಳಲ್ಲಿ ಇಂದಿಗೂ ದುಡಿಯುತ್ತಿದೆ. ಮೂರು ಬಾಹುಗಳಲ್ಲೂ ಸೋತ ಯೋಜನೆ ಮಾರುಕಟ್ಟೆಯಲ್ಲಿ ಗೆದ್ದದ್ದು ಹೇಗೆ ಎಂಬ ಪ್ರಶ್ನೆಯನ್ನು ಪುಸ್ತಕ ನೇರವಾಗಿ ಎದುರಿಸುವುದಿಲ್ಲ. ಹಾರ್ಡ್‌ವೇರ್ ಸರಣಿಯ ಬಲ ಅದಕ್ಕೆ ಕಾರಣವಾಗಿರಬಹುದು. ಅದೇ ಸಾಲ ಸಣ್ಣ ಸಂಸ್ಥೆಯೊಂದನ್ನು ಮುಳುಗಿಸುತ್ತಿತ್ತು ಎಂದು ನನ್ನ ಅನಿಸಿಕೆ.

1995ರ ಆವೃತ್ತಿಗೆ ಸೇರಿದ 1986ರ ಪ್ರಬಂಧದಲ್ಲಿ ಬ್ರೂಕ್ಸ್ ಕೊಡುವ ಸಲಹೆಗಳಲ್ಲೊಂದು, ಕಟ್ಟುವ ಬದಲು ಸಿದ್ಧವಿರುವುದನ್ನು ಕೊಳ್ಳಿ ಎಂಬುದು. ಸಲಹೆ ಒಳ್ಳೆಯದೇ. ಆದರೆ ಸಿದ್ಧವಸ್ತುವಿನೊಡನೆ ಅದನ್ನು ಕಟ್ಟಿದವರ ಊಹೆಗಳೂ ಬರುತ್ತವೆ. 1996ರ ಜೂನ್ 4ರಂದು ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದ 40 ಸೆಕೆಂಡುಗಳೊಳಗೆ ನಾಲ್ಕು ಉಪಗ್ರಹಗಳ ಸಮೇತ ನಾಶವಾಯಿತು. ಏರಿಯಾನ್-4ರಲ್ಲಿ ಚೆನ್ನಾಗಿ ನಡೆದಿದ್ದ ದಿಕ್ಕು ನಿರ್ಧಾರದ ತಂತ್ರಾಂಶವನ್ನು ಇದರಲ್ಲೂ ಬಳಸಲಾಗಿತ್ತು. 64 ಬಿಟ್‌ಗಳ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕಕ್ಕೆ ಇಳಿಸುವಾಗ, ಹೊಸ ರಾಕೆಟ್ಟಿನ ಹೆಚ್ಚಿನ ವೇಗದಿಂದಾಗಿ ಸಂಖ್ಯೆ ಹಿಡಿಸಲಿಲ್ಲ. ಅಪಾಯವಿದ್ದ ಏಳು ಚರಾಂಶಗಳಲ್ಲಿ ನಾಲ್ಕಕ್ಕೆ ರಕ್ಷಣೆ ಇತ್ತು, ಮೂರಕ್ಕೆ ಇರಲಿಲ್ಲ. ಗಣಕದ ಮೇಲಿನ ಹೊರೆ ಶೇಕಡ 80 ಮೀರಬಾರದು ಎಂಬ ಮಿತಿ ಇದ್ದದ್ದರಿಂದ ಹಾಗೆ ಬಿಡಲಾಗಿತ್ತು. ಆ ಮೂರು ಚರಾಂಶಗಳು ಏರಿಯಾನ್-4ರ ಹಾರಾಟದಲ್ಲಿ ಮಿತಿ ಮೀರುವಂತಿರಲಿಲ್ಲ. ಇಷ್ಟಕ್ಕೂ ತಪ್ಪಿದ ಆ ಲೆಕ್ಕಾಚಾರಕ್ಕೆ ರಾಕೆಟ್ ನೆಲ ಬಿಟ್ಟ ಮೇಲೆ ಯಾವ ಉಪಯೋಗವೂ ಇರಲಿಲ್ಲ!

ಈಗ ನಮ್ಮ ಊರಿನ ಮಾತು. ಬ್ರೂಕ್ಸ್ ಯಾವ ಅಳತೆಯನ್ನು ಮಿಥ್ಯೆ ಎಂದು ಕರೆದರೋ ಅದೇ ಅಳತೆಯಲ್ಲಿ ಬೆಂಗಳೂರಿನ ತಂತ್ರಾಂಶ ಸೇವಾ ಉದ್ಯಮ ತನ್ನ ಸರಕನ್ನು ಅಳೆದು ಮಾರುತ್ತಾ ಬೆಳೆಯಿತು. ಇಷ್ಟು ಜನ, ಇಷ್ಟು ತಿಂಗಳು, ತಲೆಗೆ ಇಷ್ಟು ಡಾಲರ್ ಎಂಬುದು ಅದರ ಬಹುಕಾಲದ ಬಿಲ್ಲು. ಹಾಗಾದರೆ ಪುಸ್ತಕ ತಪ್ಪೇ? ಉತ್ತರ ಪುಸ್ತಕದೊಳಗೇ ಇದೆ. ಪರಸ್ಪರ ಮಾತಿನ ಅಗತ್ಯವಿಲ್ಲದೆ ಹಂಚಬಹುದಾದ ಕೆಲಸಕ್ಕೆ ಆಳು-ತಿಂಗಳ ಲೆಕ್ಕ ಹೊಂದುತ್ತದೆ ಎಂದು ಬ್ರೂಕ್ಸ್ ಒಪ್ಪುತ್ತಾರೆ. ಗೋಧಿ ಕೊಯ್ಲು, ಹತ್ತಿ ಬಿಡಿಸುವುದು ಅವರ ಉದಾಹರಣೆಗಳು. 1990ರ ದಶಕದ ಕೊನೆಯಲ್ಲಿ ನಮ್ಮವರಿಗೆ ಹೇರಳವಾಗಿ ಸಿಕ್ಕ ವೈಟುಕೆ ತಿದ್ದುಪಡಿ ಬಹುಮಟ್ಟಿಗೆ ಇಂಥ ಕೊಯ್ಲಿನ ಕೆಲಸವೇ ಆಗಿತ್ತು. ಹಳೆಯ ಪ್ರೋಗ್ರಾಂಗಳಲ್ಲಿ ಎರಡು ಅಂಕಿಯಲ್ಲಿ ಬರೆದ ವರ್ಷಗಳನ್ನು ಹುಡುಕಿ ತಿದ್ದಲು ಕಡತಗಳನ್ನು ಸಾಲು ಹಂಚಿದಂತೆ ಹಂಚಬಹುದಿತ್ತು. ಹೊಸ ವ್ಯವಸ್ಥೆಯನ್ನು ಮೊದಲಿನಿಂದ ಕಲ್ಪಿಸಿ ಕಟ್ಟುವ ಕೆಲಸಕ್ಕೂ ಅದೇ ಬಿಲ್ಲನ್ನು ಬಳಸಿದಾಗ ತೊಂದರೆ ಶುರುವಾಗುತ್ತದೆ. ಬಿಲ್ಲಿನಲ್ಲಿ ಕಾಣದ ಇನ್ನೊಂದು ಲೆಕ್ಕವೂ ಇದೆ. ಗಡುವು ಮುಂದಕ್ಕೆ ಹೋಗದೆ, ಆಳುಗಳೂ ಹೆಚ್ಚದೆ, ಕೆಲಸ ಮಾತ್ರ ಬೆಳೆದಾಗ ಒಂದು ಆಳು-ತಿಂಗಳಿನೊಳಗೆ ಗಂಟೆಗಳು ಹೆಚ್ಚುತ್ತವೆ. ರಾತ್ರಿ ಹನ್ನೊಂದಕ್ಕೂ ದೀಪ ಉರಿಯುವ ಕಚೇರಿಗಳಲ್ಲಿ ಕುಳಿತ ನಮ್ಮ ಹಳೆಯ ವಿದ್ಯಾರ್ಥಿಗಳೇ ಅದರ ಬೆಲೆ ತೆರುವವರು. ದಣಿದ ಕಣ್ಣು ದೋಷ ಹುಡುಕುವುದಕ್ಕಿಂತ ದೋಷ ಸೇರಿಸುವುದೇ ಹೆಚ್ಚು. ತಲೆ ಎಣಿಸುವ ಬ್ರೂಕ್ಸ್ ಗಂಟೆ ಎಣಿಸುವುದಿಲ್ಲ ಎಂಬುದು ಪುಸ್ತಕದ ಮೇಲಿನ ನನ್ನ ಕೊನೆಯ ದೂರು.

ಎಂಜಿನಿಯರಿಂಗ್ ಕಾಲೇಜುಗಳ ಅಂತಿಮ ವರ್ಷದ ಪ್ರಾಜೆಕ್ಟ್‌ನಲ್ಲಿ ಇದನ್ನೆಲ್ಲ ಪರೀಕ್ಷಿಸಿ ನೋಡಲು ಅವಕಾಶವಿದೆ. ಬ್ರೂಕ್ಸ್ ತಮ್ಮ ಅನುಭವದಿಂದ ಕಾಲವನ್ನು ಹೀಗೆ ಹಂಚುತ್ತಾರೆ: ಯೋಜನೆಗೆ ಮೂರನೇ ಒಂದು, ಪ್ರೋಗ್ರಾಂ ಬರೆಯಲು ಆರನೇ ಒಂದು, ಬಿಡಿ ಭಾಗಗಳ ಪರೀಕ್ಷೆಗೆ ಕಾಲು, ಇಡೀ ವ್ಯವಸ್ಥೆಯ ಪರೀಕ್ಷೆಗೆ ಕಾಲು. ಅರ್ಧ ಕಾಲ ಪರೀಕ್ಷೆಗೇ! ನಮ್ಮಲ್ಲಿ ನಾಲ್ವರ ತಂಡದಲ್ಲಿ ಒಬ್ಬ ಪ್ರೋಗ್ರಾಂ ಬರೆಯುತ್ತಾನೆ, ಉಳಿದವರು ವರದಿಗೆ ಬೈಂಡಿಂಗ್ ಮಾಡಿಸುತ್ತಾರೆ, ಪರೀಕ್ಷೆ ನಡೆಯುವುದು ಪರೀಕ್ಷಕರ ಎದುರಿಗೆ. ಸೆಮಿಸ್ಟರಿನ ಮೊದಲ ವಾರವೇ ಪ್ರತಿ ತಂಡವೂ ತನ್ನ ಆಳು-ತಿಂಗಳ ಅಂದಾಜನ್ನು ಬರೆದು ಮುಚ್ಚಿದ ಲಕೋಟೆಯಲ್ಲಿ ಕೊಡಲಿ. ವಾರವಾರ ನಿಜವಾಗಿ ಹಿಡಿದ ಗಂಟೆಗಳನ್ನು ದಾಖಲಿಸಲಿ. ಕೊನೆಯಲ್ಲಿ ಲಕೋಟೆ ಒಡೆದು ಎರಡನ್ನೂ ಹೋಲಿಸಲಿ. ಇದಕ್ಕೆ ಪ್ರಯೋಗಾಲಯವೂ ಬೇಡ, ಅನುದಾನವೂ ಬೇಡ.

ಪುಸ್ತಕವನ್ನು ಪೂರ್ತಿ ಓದಲು ಬಿಡುವಿಲ್ಲದ ಅಧ್ಯಾಪಕರು ಎರಡನೆಯ, ನಾಲ್ಕನೆಯ ಅಧ್ಯಾಯಗಳನ್ನೂ 1995ರಲ್ಲಿ ಸೇರಿಸಿದ ಹತ್ತೊಂಬತ್ತನೆಯದನ್ನೂ ಓದಿದರೆ ಸಾಕು. ಇಪ್ಪತ್ತು ವರ್ಷಗಳ ಹಿಂದೆ ತಾವು ಎಲ್ಲೆಲ್ಲಿ ತಪ್ಪಿದ್ದರೆಂದು ಹತ್ತೊಂಬತ್ತನೆಯ ಅಧ್ಯಾಯದಲ್ಲಿ ಬ್ರೂಕ್ಸ್ ಹೆಸರು ಹಿಡಿದು ಹೇಳುತ್ತಾರೆ. ಒಂದು ಭಾಗದ ಒಳವಿವರಗಳನ್ನು ಉಳಿದ ಭಾಗಗಳಿಂದ ಮರೆಮಾಡಬೇಕೆಂಬ ಡೇವಿಡ್ ಪಾರ್ನಾಸ್ ಅವರ ವಾದವನ್ನು 1975ರಲ್ಲಿ ಅವರು ತಳ್ಳಿಹಾಕಿದ್ದರು. ಇಲ್ಲಿ ಪಾರ್ನಾಸ್ ಅವರದೇ ಸರಿ ಎಂದು ಒಪ್ಪಿಕೊಂಡಿದ್ದಾರೆ. ಮಾತಿನ ಆ 1,225 ದಾರಿಗಳನ್ನು ಕತ್ತರಿಸುವ ಉಪಾಯ ಇರುವುದೂ ಅದರಲ್ಲೇ.